ಕಣ್ಣು ಕುಕ್ಕುವ ಮೋಟಾರು ದೀಪಗಳು

ಕಾರವಾರಕ್ಕೂ ಅಂಕೋಲೆಗೂ ನಡುವಿನ ಸುಮಾರು ೩೫ ಕಿಲೋಮೀಟರು ಹೆದ್ದಾರಿಯನ್ನು ರಾತ್ರಿಯ ಹೊತ್ತು ಹಾಯ್ದು ಬಂದವರಿಗೆ ನಾವು ಹೇಳಲಿರುವ ಸಂಕಟವನ್ನು ವಿವರಿಸಬೇಕಾದ ಅಗತ್ಯವಿಲ್ಲ. ತಿರುವಿನಾಚೆಯಿಂದ ಒಂದು ವಾಹನವು ಮೂಡಿಬರುತ್ತದೆ. ಅದರ ದೀಪಗಳು ನೀಲಿಗಟ್ಟಿದ ಬಿಳುಪಿನಿಂದ ಉರಿಯುತ್ತಿರುತ್ತವೆ. ಒಡನೆಯೇ ನಮ್ಮ ಪಾಲಿಗೆ ದಾರಿಯೂ ಇಲ್ಲ, ದಾರಿಯ ಅಂಚೂ ಇಲ್ಲ. ಆ ವಾಹನವು ಹಾದುಹೋದ ಮೇಲೂ ಕಣ್ಣು ಕೂಡಲೇ ತಿಳಿಯಾಗುವುದಿಲ್ಲ. ಮೂರೇ ಸೆಕೆಂಡು ಎಂದು ಹಿಡಿದರೂ, ತಾಸಿಗೆ ೬೦ ಕಿಲೋಮೀಟರಿನ ವೇಗದಲ್ಲಿರುವ ಚಾಲಕನು ಅಷ್ಟರಲ್ಲಿ ೫೦ ಮೀಟರು ಕುರುಡನಾಗಿಯೇ ಸಾಗಿರುತ್ತಾನೆ. ಆ ೫೦ ಮೀಟರಿನೊಳಗೆ ಮೀನಿನ ಬುಟ್ಟಿ ಹೊತ್ತ ಹೆಂಗಸು ಇರಬಹುದು. ಅಂಕೋಲೆಯ ಪೇಟೆಗೆ ಕಾಯಿಪಲ್ಲೆ ಒಯ್ಯಲು ಬೆಳಗಿನ ಜಾವದಲ್ಲೇ ಹೊರಟ ಹಾಲಕ್ಕಿ ಒಕ್ಕಲಿತಿ ಇರಬಹುದು. ಹಿಂದೀಪವಿಲ್ಲದ ಸೈಕಲಿನ ಮೇಲೆ ಮನೆಗೆ ಮರಳುತ್ತಿರುವ ಕೂಲಿಕಾರನಿರಬಹುದು. ಅವರು ಯಾರೂ ಬಲ್ಬು ಕೊಂಡವರಲ್ಲ.

ಹೆದ್ದಾರಿಯು ನಾಲ್ಕು ಪಥಗಳದ್ದಾಗಿ ನಡುವೆ ವಿಭಜಕ ಬಂದ ಬಳಿಕ ಈ ತಾಪತ್ರಯ ತಪ್ಪಿತೆಂದು ಹೇಳುವವರಿದ್ದಾರೆ. ವಿಭಜಕದ ಮೇಲೆ ಗಿಡಗಳು ಪೊದೆಯಾಗಿ ಬೆಳೆದಲ್ಲಿ ಈ ಮಾತು ಅಷ್ಟಿಷ್ಟು ನಿಜ. ಆದರೆ ೨೦೨೪ನೆಯ ಆಗಸ್ಟ್ ೭ರ ನಡುರಾತ್ರಿಯ ಬಳಿಕ ಕಾಳಿ ನದಿಯ ಹಳೆಯ ಸೇತುವೆಯು ಕುಸಿದು ಬಿದ್ದಾಗ, ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯೊಂದರ ಮೇಲೆಯೇ ಮುಖಾಮುಖಿಯಾಗಿ ಹಾಯಬೇಕಾಯಿತೆಂಬುದನ್ನು ಕಾರವಾರದವರು ಮರೆತಿಲ್ಲ. ಕದ್ರಾ, ಕೈಗಾಗಳ ಕಡೆಗೆ ಕಾಡಿನೊಳಗೆ ಹೋಗುವ ರಸ್ತೆಯಲ್ಲಿ ವಿಭಜಕವೆಲ್ಲಿಯದು? ಬಾಳೆಗುಳಿಯಲ್ಲಿ ಕವಲೊಡೆದು ಹುಬ್ಬಳ್ಳಿಗೆ ಹೋಗುವವರು ಅರಬೈಲು ಘಟ್ಟವನ್ನು ಏರುವಾಗ ಒಂದು ಮಗ್ಗುಲಲ್ಲಿ ದರೆ, ಇನ್ನೊಂದು ಮಗ್ಗುಲಲ್ಲಿ ಕಮರಿ; ಅಲ್ಲಿ ಎದುರಿನ ಲಾರಿಯ ಬೆಳಕಿಗೆ ಕಣ್ಣು ಮುಚ್ಚಿದವನು ಯಾವ ಕಡೆಗೆ ಸರಿಯಬೇಕು?

ಇಷ್ಟಾದರೂ ಹೆಚ್ಚಿನ ಬೆಳಕನ್ನು ಬಯಸುವವರನ್ನೆಲ್ಲ ಪುಂಡರೆಂದು ದೂರುವುದು ನ್ಯಾಯವಲ್ಲ. ದೀಪದ ಕಂಬಗಳಿಲ್ಲದ ಹಾದಿ, ಆಷಾಢದ ಜಡಿಮಳೆ, ಬೆಳಕನ್ನೆಲ್ಲ ನುಂಗಿಬಿಡುವ ಒದ್ದೆ ಡಾಂಬರು, ರಸ್ತೆಯ ನಡುವೆಯೇ ಮಲಗಿದ ದನ, ಇವುಗಳ ನಡುವೆ ಮಂಕಾದ ದೀಪವನ್ನಿಟ್ಟುಕೊಂಡು ಹೋಗುವವನ ಭಯವೂ ಸತ್ಯವೇ. ಐವತ್ತು ದಾಟಿದ ಕಣ್ಣಿಗೆ ನೋಡಲು ಹೆಚ್ಚು ಬೆಳಕು ಬೇಕು, ಎದುರಿನ ಬೆಳಕನ್ನು ತಾಳಿಕೊಳ್ಳುವ ಶಕ್ತಿಯೋ ಕಡಿಮೆ. ಇದನ್ನು ನಾವು ಸ್ವಾನುಭವದಿಂದಲೇ ಬರೆಯುತ್ತಿದ್ದೇವೆ. ನಮ್ಮ ಹಳೆಯ ಕಾರಿನ ದೀಪಗಳು ಹಿಂದಿನ ಮಳೆಗಾಲದಲ್ಲಿ ಬರಬರುತ್ತ ಹಣತೆಯಂತಾದವು. ಒಂದು ಅಂಗಡಿಯವನು ೧೦೦ ವಾಟಿನ ಬಲ್ಬುಗಳನ್ನು ಹಾಕಿಸಿಕೊಳ್ಳಿರೆಂದು ಒತ್ತಾಯಿಸಿದನು. ಸುದೈವದಿಂದ ಊರಿನ ಒಬ್ಬ ವೃದ್ಧ ಮೇಸ್ತ್ರಿ ಬಲ್ಬನ್ನು ಮುಟ್ಟದೆ ಮೊದಲು ಅರ್ತ್ ವಾಯರನ್ನು ಬಿಚ್ಚಿ ನೋಡಿದನು. ಕಡಲಿನ ಉಪ್ಪುಗಾಳಿಗೆ ಅದರ ಬೆಸುಗೆಯೆಲ್ಲ ಹಸಿರುಗಟ್ಟಿ ತುಕ್ಕು ಹಿಡಿದಿತ್ತು. ಅದನ್ನು ಉಜ್ಜಿ ಬಿಗಿದು, ಹಳದಿಯಾಗಿದ್ದ ಮುಂಗಾಜನ್ನು ಪಾಲಿಷು ಮಾಡಿಸಿದೊಡನೆ ಅದೇ ಬಲ್ಬುಗಳು ಹೊಸದಾಗಿ ಬೆಳಗಿದವು.

ಇದರಲ್ಲಿ ಮಾಯೆಯೇನೂ ಇಲ್ಲ. ಹ್ಯಾಲೋಜನ್ ಬಲ್ಬಿಗೆ ತಲುಪುವ ವೋಲ್ಟೇಜು ನೂರಕ್ಕೆ ಹತ್ತರಷ್ಟು ಕುಂದಿದರೆ ಅದರ ಬೆಳಕು ನೂರಕ್ಕೆ ಸುಮಾರು ಮೂವತ್ತರಷ್ಟು ಕುಂದುತ್ತದೆ. ಆದುದರಿಂದ ಕರಾವಳಿಯ ವಾಹನಗಳಲ್ಲಿ ದೀಪ ಮಂಕಾದರೆ ಬಲ್ಬಿನ ಅಂಗಡಿಗೆ ಓಡುವ ಮುಂಚೆ ತಂತಿ, ಬೆಸುಗೆ, ಗಾಜುಗಳನ್ನು ನೋಡುವುದು ಜಾಣತನ. ಹಾಗೂ ಬೆಳಕು ಸಾಲದಿದ್ದರೆ ಬ್ಯಾಟರಿಯಿಂದ ರಿಲೇ ಮುಖಾಂತರ ದಪ್ಪ ತಂತಿಯನ್ನು ಎಳೆಸಬಹುದು.

ಇನ್ನು ಬಲ್ಬಿನ ವಿಚಾರ. ನಮ್ಮ ದೇಶದ ಅನೇಕ ಕಾರು, ಟೆಂಪೋ, ಬೈಕುಗಳಲ್ಲಿರುವುದು ಎಚ್-೪ ಎಂಬ ಜಾತಿಯ ಬಲ್ಬು. ಕಾರುಗಳಲ್ಲಿ ಇದರ ಶಕ್ತಿ ೬೦/೫೫ ವಾಟು. ಇದರೊಳಗೆ ಎರಡು ತಂತುಗಳಿವೆ. ಡಿಮ್ಮಿನ ತಂತುವಿನ ಕೆಳಗೆ ಒಂದು ಸಣ್ಣ ಲೋಹದ ಬಟ್ಟಲಿದೆ. ಆ ಬಟ್ಟಲು ಬೆಳಕನ್ನು ಹಿಂದಿನ ಕನ್ನಡಿಯ ಮೇಲ್ಭಾಗಕ್ಕೆ ಮಾತ್ರ ಬಿಡುವುದರಿಂದ ಕಿರಣಗಳು ಕೆಳಮುಖವಾಗಿ ರಸ್ತೆಗೆ ಬೀಳುತ್ತವೆ. ಎದುರಿನವನ ಕಣ್ಣಿನ ಮಟ್ಟದಲ್ಲಿ ಕತ್ತಲೆ ಉಳಿಯುತ್ತದೆ. ಈ ಏರ್ಪಾಡೆಲ್ಲ ತಂತುವು ಕೂದಲೆಳೆಯಷ್ಟೂ ಕದಲದೆ ತನ್ನ ಸ್ಥಾನದಲ್ಲಿರುವುದನ್ನು ಅವಲಂಬಿಸಿದೆ. ಹೀಗಿರಲು ಹ್ಯಾಲೋಜನ್ನಿಗೆಂದು ಮಾಡಿದ ಬಟ್ಟಲಿನಲ್ಲಿ ಪೇಟೆಯ ಅಗ್ಗದ ಎಲ್‌ಇಡಿಯನ್ನೋ ಎಚ್‌ಐಡಿಯನ್ನೋ ತುರುಕಿದರೆ, ಬೆಳಕು ಹುಟ್ಟುವ ಜಾಗವೇ ಬೇರೆಯಾಗಿ ಕಿರಣಗಳು ದಿಕ್ಕಾಪಾಲಾಗುತ್ತವೆ. ಬಂಪರಿನ ಮುಂದೆ ನೆಲವು ಬೆಳ್ಳಗೆ ಹೊಳೆಯುವುದರಿಂದ ಮಾಲಕನಿಗೆ ಸಂತೋಷ. ದೂರದ ರಸ್ತೆ ಮೊದಲಿಗಿಂತಲೂ ಮಸುಕಾಗಿರಬಹುದೆಂಬುದು ಅವನ ಲಕ್ಷ್ಯಕ್ಕೆ ಬರುವುದಿಲ್ಲ.

ಎಲ್‌ಇಡಿಯೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಕಾರ್ಖಾನೆಯಲ್ಲಿಯೇ ಅದಕ್ಕೆ ತಕ್ಕ ಮಸೂರವಿಟ್ಟು ಕೂಡಿಸಿದ ದೀಪಗಳ ಮಾತು ಬೇರೆ. ಜರ್ಮನಿಯಲ್ಲಿ ೨೦೨೦ರಿಂದ ಕೆಲವು ಬದಲಿ ಎಲ್‌ಇಡಿ ಬಲ್ಬುಗಳಿಗೆ ಅನುಮತಿ ದೊರೆತಿದೆ; ಅದೂ ಪರೀಕ್ಷಿಸಿ ನೋಡಿದ ಇಂತಿಂಥ ಮಾದರಿಯ ವಾಹನಗಳಲ್ಲಿ ಮಾತ್ರ ಎಂಬ ಕಟ್ಟಿನೊಡನೆ.

೧೦೦/೯೦ ವಾಟಿನ ಬಲ್ಬುಗಳಿಂದ ಕಿರಣದ ಆಕಾರ ಕೆಡದಿದ್ದರೂ ಎದುರಿನವನಿಗೆ ಸೋರುವ ಬೆಳಕು ಹೆಚ್ಚಿಯೇ ಹೆಚ್ಚುತ್ತದೆ. ಮೇಲಾಗಿ ೫ ಆಂಪಿಯರಿಗೆಂದು ಇಟ್ಟ ತಂತಿಯಲ್ಲಿ ೮ಕ್ಕೂ ಮಿಕ್ಕಿ ಹರಿದು ಹೋಲ್ಡರು ಕರಗುತ್ತದೆ, ಕನ್ನಡಿಯ ಲೇಪ ಸುಡುತ್ತದೆ. ನೀಲಿ ಬಳಿದ ಬಲ್ಬುಗಳಂತೂ ಶುದ್ಧ ಮೋಸ: ಆ ಬಣ್ಣವೇ ಬೆಳಕಿನ ಒಂದು ಭಾಗವನ್ನು ನುಂಗಿಬಿಡುತ್ತದೆ. ಹೆಚ್ಚು ಬೆಳಕು ಬೇಕೇ ಬೇಕೆನ್ನುವವರು ಅದೇ ೬೦/೫೫ ವಾಟಿನಲ್ಲಿ, ಬಣ್ಣವಿಲ್ಲದ ಗಾಜಿನ, ತಂತುವನ್ನು ಇನ್ನೂ ನಯವಾಗಿ ಸುತ್ತಿದ ಉತ್ತಮ ಕಂಪನಿಯ ಬಲ್ಬುಗಳನ್ನು ಜೋಡಿಯಾಗಿ ಕೊಳ್ಳಲಿ. ಅವುಗಳ ಆಯುಷ್ಯ ಸ್ವಲ್ಪ ಕಡಿಮೆ. ಅದನ್ನು ತಿಳಿದೇ ಕೊಳ್ಳಬೇಕು. ಕೂಡಿಸುವಾಗ ಗಾಜಿಗೆ ಬೆರಳು ತಾಗಬಾರದು.

ಬಲ್ಬು ಬದಲಿಸಿದ ಮೇಲೆ ದೀಪದ ಮಟ್ಟವನ್ನು ನೋಡದೆ ಬಿಡುವುದು ನಮ್ಮಲ್ಲಿ ಸಾರ್ವತ್ರಿಕವಾಗಿದೆ. ಸಮನೆಲದಲ್ಲಿ ಗೋಡೆಯಿಂದ ೧೦ ಮೀಟರು ದೂರದಲ್ಲಿ ವಾಹನವನ್ನು ನಿಲ್ಲಿಸಿ, ದೀಪದ ನಡುಮಟ್ಟದ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ, ಡಿಮ್ಮಿನ ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು ೧೦ ಸೆಂಟಿಮೀಟರು ಕೆಳಗೆ ಬರುವಂತೆ ತಿರುಪನ್ನು ತಿರುಗಿಸಿದರೆ ಸಾಕು. ಹಿಂದೆ ಮೂವರನ್ನೂ ಡಿಕ್ಕಿಯಲ್ಲಿ ಮೂಟೆಗಳನ್ನೂ ಹೇರಿದಾಗ ಕಾರಿನ ಮೂತಿ ಮೇಲೇಳುವುದರಿಂದ, ಚಾಲಕನ ಬಳಿ ಮಟ್ಟದ ಚಕ್ರವಿದ್ದರೆ ಅದನ್ನೂ ತಿರುಗಿಸಬೇಕು. ೨೦೧೭ನೆಯ ಏಪ್ರಿಲಿನಿಂದ ಹೊಸ ಬೈಕು ಸ್ಕೂಟರುಗಳ ದೀಪಗಳು ಎಂಜಿನು ನಡೆಯುವಷ್ಟೂ ಹೊತ್ತು ಉರಿದೇ ಇರುವುದರಿಂದ ಅವುಗಳ ಮಟ್ಟ ಸರಿಯಾಗಿರುವುದು ಇನ್ನಷ್ಟು ಅವಶ್ಯ.

ಕಾಯದೆಯಲ್ಲಿ ಕೊರತೆಯಿಲ್ಲ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೦೬ನೆಯ ನಿಯಮವು, ದೀಪದ ಮುಂದೆ ೮ ಮೀಟರು ದೂರದಲ್ಲಿ, ಬಲಕ್ಕೆ ಅರ್ಧ ಮೀಟರಿನಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣನ್ನು ಕುಕ್ಕಬಾರದೆಂದು ಅಳತೆಯನ್ನೇ ಕೊಟ್ಟಿದೆ. ೨೦೨೪ರ ಜುಲೈಯಲ್ಲಿ ರಾಜ್ಯದ ಪೋಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ರಾಜ್ಯವ್ಯಾಪಿ ಕಾರ್ಯಾಚರಣೆ ಹೂಡಿದಾಗ ನಾವು ಸಂತೋಷಪಟ್ಟೆವು. ಆದರೆ ಅಳತೆಯನ್ನು ಹೇಳುವ ನಿಯಮವನ್ನು ಅಳೆಯದೆ ಜಾರಿಗೆ ತರುವುದು ಹೇಗೆ? ಕಣ್ಣಂದಾಜಿನಿಂದ ೫೦೦ ರೂಪಾಯಿ ದಂಡ ಹಾಕಿದರೆ ಬೈಕಿನ ಬಡವನು ಅದನ್ನು ತೆತ್ತು, ಅದೇ ದೀಪದೊಡನೆ ಮುಂದಕ್ಕೆ ಹೋಗುತ್ತಾನೆ. ಆ ಬಲ್ಬನ್ನು ಮಾರಿದವನು ಮರುದಿನ ಇನ್ನೊಬ್ಬನಿಗೆ ಮಾರುತ್ತಾನೆ. ದಂಡದ ರಸೀದಿಯೊಡನೆ, ಇಷ್ಟು ದಿನಗಳೊಳಗೆ ದೀಪವನ್ನು ಸರಿಪಡಿಸಿ ತಂದು ತೋರಿಸಬೇಕೆಂಬ ಆಜ್ಞೆಯೂ ಇರಬೇಕು. ಅಂಗಡಿಗಳ ತಪಾಸಣೆಯೂ ನಡೆಯಬೇಕು.

ಕಾರವಾರದ ಸಾರಿಗೆ ಅಧಿಕಾರಿಗಳಲ್ಲಿಯೂ ಅಂಕೋಲೆಯ ಪೋಲೀಸರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೆ: ಮುಂಗಾರು ಹಿಡಿಯುವ ಮುಂಚೆ ಕಾರವಾರದಲ್ಲಿ ಒಂದು ಭಾನುವಾರ, ಬಾಳೆಗುಳಿಯಲ್ಲಿ ಒಂದು ಭಾನುವಾರ, ಲಾರಿ ಟೆಂಪೋ ಬೈಕುಗಳವರನ್ನೆಲ್ಲ ಸಂಜೆಗತ್ತಲೆಯಲ್ಲಿ ಕರೆದು, ದಂಡವಿಲ್ಲದೆ ದೀಪಗಳ ಮಟ್ಟ ನೋಡಿ ತಿದ್ದಿಕೊಡಲಿ. ಇದಕ್ಕೆ ಬೇಕಾದುದು ಒಂದು ಸುಣ್ಣದ ಗೋಡೆ, ಒಂದು ಅಳತೆಪಟ್ಟಿ, ತಿರುಪುಳಿ ಹಿಡಿಯಬಲ್ಲ ಇಬ್ಬರು ಮೇಸ್ತ್ರಿಗಳು. ಮೊದಲನೆಯ ಸರದಿಗೆ ಇಲಾಖೆಗಳ ಸ್ವಂತ ಜೀಪುಗಳೇ ಬಂದು ನಿಂತರೆ ಜನರು ತಾವಾಗಿಯೇ ಹಿಂದೆ ಸಾಲುಗಟ್ಟುವರು.