ಎಲುಬು ಕೂಡಿದರೆ ಮುಗಿಯಿತೇ?

ಕಾಲು ಮುರಿದುಕೊಂಡವರನ್ನು ನೋಡಲು ಬಂದವರು ಕೇಳುವುದು ಮೂರೇ ಪ್ರಶ್ನೆ: ‘ಹೆಂಗಾಯ್ತು?’, ‘ರಾಡ್ ಹಾಕಿದ್ರಾ?’, ‘ಎಷ್ಟು ಖರ್ಚಾಯ್ತು?’ ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಬಾಳೆಹಣ್ಣು ಕೈಗಿಟ್ಟು, ‘ಮೂರು ತಿಂಗಳು ಅಲ್ಲಾಡಬೇಡ ಕಣಮ್ಮ’ ಎಂದು ಹೇಳಿ ಹೊರಡುತ್ತಾರೆ. ರಾತ್ರಿ ನಿದ್ದೆ ಬರುತ್ತದಾ, ಬಚ್ಚಲಿಗೆ ಹೇಗೆ ಹೋಗುತ್ತೀಯಾ, ಅಂಗಡಿ ಬಾಡಿಗೆಗೆ ಏನು ಮಾಡುತ್ತೀಯಾ ಎಂದು ಕೇಳುವವರು ಅಪರೂಪ. ಸರ್ಕಾರದ್ದೂ ನೋಡಲು ಬರುವ ನೆಂಟರ ರೀತಿಯೇ. ಮೊದಲ ದಿನಗಳಲ್ಲಿ ಓಡಿ ಬರುತ್ತದೆ, ಆಮೇಲೆ ಈ ಕಡೆ ತಲೆ ಹಾಕುವುದಿಲ್ಲ.

ನಾನು ಹೋಬಳಿ ಊರೊಂದರಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ತಮ್ಮನ ಸ್ಕೂಟರಿನ ಹಿಂದೆ ಕೂತು ಬರುವಾಗ ತಿರುವಿನಲ್ಲಿ ಬಿದ್ದಿದ್ದ ಜಲ್ಲಿಯ ಮೇಲೆ ಗಾಡಿ ಜಾರಿ ಬಲಗಣಕಾಲಿನ ಎಲುಬು ಮುರಿಯಿತು. ಮಷೀನು ತುಳಿಯುವ ಕಾಲು. ಡಾಕ್ಟರು ರಾಡ್ ಹಾಕಿ ಚೆನ್ನಾಗಿಯೇ ಕೂಡಿಸಿದರು, ಅವರ ಮೇಲೆ ದೂರಿಲ್ಲ. ನನ್ನ ದೂರು ಶುರುವಾಗುವುದು ಆಸ್ಪತ್ರೆಯ ಗೇಟು ದಾಟಿದ ಮೇಲೆ.

ನಮ್ಮ ಯೋಜನೆಗಳನ್ನೇ ನೋಡಿ. 2016ರಲ್ಲಿ ರಾಜ್ಯ ಸರ್ಕಾರ ತಂದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಭರಿಸಲೆಂದು ರೂಪಿಸಿದ್ದು. 2025ರಲ್ಲಿ ಕೇಂದ್ರ ತಂದ ನಗದುರಹಿತ ಚಿಕಿತ್ಸಾ ಯೋಜನೆ ಮೊದಲ 7 ದಿನಗಳಿಗೆ 1.5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಜೀವ ಉಳಿಸುವ ಯೋಜನೆಗಳು, ಎರಡೂ ಬೇಕು. ಆದರೆ ಕಣಕಾಲಿನ ಎಲುಬು ಕೂಡಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಹಿಡಿಯುತ್ತದೆ. ಇಎಸ್‌ಐ ಇರುವ ಕಾರ್ಮಿಕರಿಗೆ ಕೆಲಸದಲ್ಲಿ ಪೆಟ್ಟಾದರೆ ಕೂಲಿಯ ಶೇ 90ರಷ್ಟು ಸಿಗುತ್ತದೆ. ಟೈಲರಿಗೆ, ತೆಂಗಿನಮರ ಹತ್ತುವವನಿಗೆ, ಗಾರೆ ಕೆಲಸದವನಿಗೆ ಮಲಗಿದಷ್ಟು ದಿನವೂ ಸಂಪಾದನೆ ಸೊನ್ನೆ. ನನಗೆ ಆಸರೆಯಾದದ್ದು ಗೃಹಲಕ್ಷ್ಮಿಯ 2,000 ರೂಪಾಯಿ. ಅದೂ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ಗಾಡಿ ಬಾಡಿಗೆಗೇ ಸಾಲಲಿಲ್ಲ. ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ, ನಿಜ. ವಾಕರ್ ಹಿಡಿದವಳು ಆ ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದು ಹೇಗೆ?

ಇಷ್ಟಾದರೂ ಜಿಲ್ಲಾ ಕೇಂದ್ರಕ್ಕೆ ಹೋಗಲೇಬೇಕಿತ್ತು, ಫಿಸಿಯೊಥೆರಪಿ ಹೇಳಿಕೊಡುವವರು ಸಿಕ್ಕಿದ್ದು ಅಲ್ಲೇ. ಎಲುಬು ತಾನಾಗಿ ಕೂಡುತ್ತದೆ, ಮಾಂಸಖಂಡ ಹಾಗಲ್ಲ. ಕೆಲಸ ಕೊಡದಿದ್ದರೆ ಕೆಲವೇ ವಾರಗಳಲ್ಲಿ ಸೊರಗುತ್ತದೆ, ಕೀಲು ಬಿಗಿದುಕೊಳ್ಳುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು, ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯ. ‘ಅಲ್ಲಾಡಬೇಡ’ ಎನ್ನುವ ಪ್ರೀತಿಯ ಬುದ್ಧಿಮಾತು ಎಷ್ಟು ಕಾಲುಗಳನ್ನು ಕೋಲಾಗಿಸಿದೆಯೋ! ಫಿಸಿಯೊಥೆರಪಿ ಹೇಳಿಕೊಡುವ ಹುಡುಗಿ ಟವೆಲ್ ಸುತ್ತಿ ಮೊಣಕಾಲ ಕೆಳಗಿಟ್ಟು, ‘ಒತ್ತಿ ಅಕ್ಕಾ, ಐದು ಎಣಿಸೋವರೆಗೂ ಬಿಡಬೇಡಿ’ ಎಂದಳು. ನನ್ನ ಕಸುಬು ಕೇಳಿ ನಕ್ಕಳು: ‘ಪೆಡಲ್ ತುಳಿಯೋದೇ ನಿಮಗೆ ಒಳ್ಳೆ ಎಕ್ಸರ್‌ಸೈಜು. ಡಾಕ್ಟರು ಹೂಂ ಅಂದ್ಮೇಲೆ ದಾರ ಪೋಣಿಸದೆ ಬರೀ ಮಷೀನು ಓಡಿಸಿ.’

ಮನೆಗೆ ಬಂದು ಟೇಪು ತೆಗೆದು ಎರಡೂ ತೊಡೆಯ ಸುತ್ತಳತೆ ನೋಡಿದೆ. ಬಲಗಾಲಿನದು ಎರಡು ಇಂಚು ಕಡಿಮೆ. ಗಿರಾಕಿಗಳ ತೋಳು, ಎದೆ, ಸೊಂಟದ ಅಳತೆ ಬರೆಯುವ ಪುಸ್ತಕದಲ್ಲೇ ಒಂದು ಹಾಳೆಗೆ ನನ್ನ ಹೆಸರು ಬರೆದು ಅದನ್ನು ಗುರುತಿಸಿಟ್ಟೆ. ಭಾನುವಾರಕ್ಕೊಮ್ಮೆ ಅಳೆಯುವುದು. ಎಷ್ಟೋ ವಾರ ಟೇಪು ಒಂದೇ ಗೆರೆಯಲ್ಲಿ ನಿಂತಿತ್ತು. ಆಮೇಲೊಮ್ಮೆ ಕಾಲಿಂಚು ಏರಿತು. ‘ಹುಷಾರಾಗ್ತೀಯ ಬಿಡು’ ಎಂದು ಹತ್ತು ಜನ ಹೇಳಿದ್ದಕ್ಕಿಂತ ಆ ಕಾಲಿಂಚನ್ನು ನಾನು ಹೆಚ್ಚು ನಂಬಿದೆ. ಮಲಗಿದವರಿಗೆ ಸಮಾಧಾನ ಹೇಳಿದರೆ ಸಾಲದು, ಅವರೇ ಕಣ್ಣಾರೆ ಕಾಣುವಂಥ ಲೆಕ್ಕ ಬೇಕು.

ಮನಸ್ಸಿನ ಕಥೆ ಯಾರ ಎದುರೂ ಬಿಚ್ಚುವಂತಿರಲಿಲ್ಲ. ಕಣ್ಣು ಮುಚ್ಚಿದರೆ ಜಲ್ಲಿ ಸರ್ರೆಂದ ಸದ್ದು. ಓದುವ ಮಗಳ ಕೈಲಿ ಚೊಂಬು, ಬಕೆಟ್ಟು ಹಿಡಿಸಿಕೊಳ್ಳುವ ಸಂಕೋಚ. ಅವಳ ಮೇಲೇ ಸಿಟ್ಟು, ಮರುಕ್ಷಣ ಅಳು. ‘ಕೂತು ತಿನ್ನೋ ಯೋಗ’ ಎಂದು ನೆಂಟರ ತಮಾಷೆ ಬೇರೆ. ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಪಕ್ಕದ ಮನೆಯ ಅತ್ತೆ. ರೇಷ್ಮೆ ಸೀರೆ ತಂದು ಮಡಿಲಿಗೆ ಹಾಕಿ, ‘ಕಾಲಲ್ವಾ ಮುರಿದಿರೋದು, ಕೈಯಲ್ಲವಲ್ಲ. ಕುಚ್ಚು ಹಾಕಿಕೊಡು’ ಎಂದರು. ಅಂದು ಸಂಜೆ ಗಡಿಯಾರ ನೋಡುವುದು ಮರೆತೆ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಲಗಿದ್ದರೆ ಸೊಪ್ಪು ಬಿಡಿಸುವುದೋ ಲೆಕ್ಕ ಬರೆಯುವುದೋ, ಅವರ ಕೈಗೊಂದು ಕೆಲಸ ಕೊಡಿ. ನಿದ್ದೆ, ಊಟ ಎರಡೂ ದೂರವಾಗಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಧೈರ್ಯ ಹೇಳುವ ಭರದಲ್ಲಿ ನನ್ನ ತಮ್ಮ ಕ್ರಿಕೆಟಿಗ ಕುಂಬ್ಳೆಯನ್ನು ಎಳೆದು ತಂದ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬೌಲ್ ಮಾಡಿ ಲಾರಾನನ್ನು ಔಟ್ ಮಾಡಲಿಲ್ಲವಾ ಎಂದ. ಮಾಡಿದರು. ಆದರೆ ಅದೇ ಕುಂಬ್ಳೆ ಅದಕ್ಕೆ ಮೊದಲು ಭುಜದ ಶಸ್ತ್ರಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಆಟ ಬಿಟ್ಟಿದ್ದರು, 2001ರಲ್ಲಿ ಆಸ್ಟ್ರೇಲಿಯಾ ಬಂದಾಗ ತವರಿನ ಸರಣಿಯನ್ನೇ ಆಡಲಿಲ್ಲ. ದವಡೆಯ ಚಿತ್ರ ಎಲ್ಲರಿಗೂ ನೆನಪಿದೆ, ಭುಜಕ್ಕಾಗಿ ಕಾದ ತಿಂಗಳುಗಳು ಯಾರಿಗೂ ಬೇಡ. ನಮ್ಮಂಥವರಿಗೆ ಬೇಕಾದ ಪಾಠ ಇರುವುದು ಆ ತಿಂಗಳುಗಳಲ್ಲಿ. ಆದರೆ ಅವರ ಹಿಂದೆ ತಜ್ಞರಿದ್ದರು. ನಮ್ಮ ಹಿಂದೆ ಯಾರಿದ್ದಾರೆ?

ಹಾಗಾಗಿ ಕೇಳುತ್ತಿದ್ದೇನೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ವಾರದ ಗೊತ್ತಾದ ದಿನ ಫಿಸಿಯೊಥೆರಪಿಸ್ಟ್ ಇರಲಿ. ಬಿಪಿ, ಶುಗರ್ ನೋಡಲು ಮನೆ ಬಾಗಿಲಿಗೆ ಬರುವ ಗೃಹ ಆರೋಗ್ಯ ಯೋಜನೆಯ ತಂಡ, ಬಿದ್ದು ಮಲಗಿದವರು ಕಾಲು ಆಡಿಸುತ್ತಿದ್ದಾರಾ, ನಿದ್ದೆ ಮಾಡುತ್ತಿದ್ದಾರಾ ಎಂದೂ ವಿಚಾರಿಸಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಜೊತೆಗೆ ಯಾವ ವಾರ ಯಾವ ವ್ಯಾಯಾಮ ಎಂದು ಕನ್ನಡದಲ್ಲಿ ಬರೆದುಕೊಡಲಿ. ಇಎಸ್‌ಐ ಇಲ್ಲದ ದುಡಿಯುವವರಿಗೆ ಮಲಗಿದ ತಿಂಗಳುಗಳಿಗೆ ಒಂದಿಷ್ಟಾದರೂ ಭತ್ಯೆ ಸಿಗಲಿ. ಎಲುಬು ಕೂಡಿಸಲು ಲಕ್ಷ ರೂಪಾಯಿ ತೆಗೆದಿಡುವ ಸರ್ಕಾರಕ್ಕೆ, ಆ ಕಾಲಿನಲ್ಲಿ ಮತ್ತೆ ದುಡಿದು ತಿನ್ನುವಂತೆ ಮಾಡುವುದು ಅಷ್ಟೇನೂ ದುಬಾರಿಯಲ್ಲ.