ಮೇಷ್ಟರ ಮರುಕ

ಮಕ್ಕಳಿಗೆ ಹಾಲು ಒಳ್ಳೆಯದೆಂದು ಹೇಳುವುದಕ್ಕೆ ವಿಜ್ಞಾನಿಯೇ ಬರಬೇಕೆ? ಮನೆಯ ಅಜ್ಜಿಯರು ಆ ವಿಷಯವನ್ನು ಎಂದೋ ಇತ್ಯರ್ಥ ಮಾಡಿಬಿಟ್ಟಿದ್ದಾರೆ. ಆದರೆ ಸರ್ಕಾರದ ಬೊಕ್ಕಸದಿಂದ ಹಣ ತೆಗೆದು ಲಕ್ಷಾಂತರ ಮಕ್ಕಳಿಗೆ ದಿನವೂ ಹಾಲು ಕುಡಿಸಬೇಕೆಂದಾಗ ಅಜ್ಜಿಯ ಮಾತೊಂದೇ ಸಾಲದು. ಎಷ್ಟು ಹಾಲಿಗೆ ಎಷ್ಟು ಬೆಳವಣಿಗೆ? ಹಸಿಯ ಹಾಲು ಮೇಲೋ, ಕಾಯಿಸಿ ಶುದ್ಧಿಮಾಡಿದ ಹಾಲು ಮೇಲೋ? ಖರ್ಚಿಗೆ ತಕ್ಕ ಫಲವುಂಟೋ? ಇಂತಹ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಕೊಡಬೇಕಾಗುತ್ತದೆ. ಆ ಉತ್ತರವನ್ನು ಪಡೆಯಲೆಂದೇ 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನರ್ಕ್‌ಷೈರ್ ಪ್ರಾಂತ್ಯದ ಶಾಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು, ನಡೆದು ಕೆಟ್ಟಿತು. ಅದು ಕೆಟ್ಟದ್ದು ಯಾರ ದುರುದ್ದೇಶದಿಂದಲೂ ಅಲ್ಲ, ಉಪಾಧ್ಯಾಯರ ಒಳ್ಳೆಯತನದಿಂದ ಎಂಬುದೇ ಇಲ್ಲಿನ ಸ್ವಾರಸ್ಯ.

ಅದಕ್ಕೆ ಮೊದಲೇ ಇಂಗ್ಲೆಂಡಿನಲ್ಲಿ ಹಾಲಿನ ಪರೀಕ್ಷೆ ಆರಂಭವಾಗಿತ್ತು. ಲಂಡನ್ ನಗರದ ಹೊರವಲಯದ ಒಂದು ಬಾಲಕರ ವಸತಿಗೃಹದಲ್ಲಿ ಡಾಕ್ಟರ್ ಕೋರಿ ಮಾನ್ ಎಂಬ ವೈದ್ಯರು 1922ರಿಂದ 1925ರವರೆಗೆ ಹುಡುಗರ ಊಟವನ್ನು ಅಳೆದು ತೂಗಿ ನೋಡಿದರು. ಮಾಮೂಲು ಊಟವನ್ನಷ್ಟೇ ಉಂಡ ಹುಡುಗರು ವರ್ಷದಲ್ಲಿ ಸರಾಸರಿ 3.85 ಪೌಂಡು ತೂಕ ಗಳಿಸಿ, 1.84 ಅಂಗುಲ ಎತ್ತರ ಬೆಳೆದರು. ಅದೇ ಊಟದ ಜೊತೆಗೆ ದಿನಕ್ಕೊಂದು ಪಿಂಟ್ ಹಾಲು ಕುಡಿದವರು ಗಳಿಸಿದ್ದು 6.98 ಪೌಂಡು, ಬೆಳೆದದ್ದು 2.63 ಅಂಗುಲ. ಒಂದೇ ಛಾವಣಿ, ಒಂದೇ ಅಡಿಗೆ, ಒಂದೇ ದಿನಚರಿ, ವ್ಯತ್ಯಾಸ ಹಾಲಿನದು. ಆ ಬಳಿಕ ಜಾನ್ ಬಾಯ್ಡ್ ಆರ್ ಅವರು ಸ್ಕಾಟ್ಲೆಂಡಿನ ಪಟ್ಟಣಗಳಲ್ಲಿಯೂ ಬೆಲ್‌ಫಾಸ್ಟಿನಲ್ಲಿಯೂ ಶಾಲೆಯ ಮಕ್ಕಳ ಮೇಲೆ ಇಂತಹುದೇ ಪರೀಕ್ಷೆ ನಡೆಸಿ ಅನುಕೂಲವಾದ ಫಲವನ್ನೇ ಕಂಡರು. (ಇವರಿಗೇ 1949ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಬಂದಿತು. ಹಸಿದವನಿಗೆ ಅನ್ನ ಕಾಣಿಸುವುದೂ ಶಾಂತಿಕಾರ್ಯವೆಂದು ಆ ಸಮಿತಿಯವರಿಗೆ ಒಮ್ಮೆಯಾದರೂ ತೋರಿತಲ್ಲ!)

ಇನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ದೊಡ್ಡ ಪ್ರಮಾಣದಲ್ಲಿ ನೋಡಿಬಿಡಬೇಕೆಂದು ಹೊರಟದ್ದು ಲ್ಯಾನರ್ಕ್‌ಷೈರ್ ಪ್ರಯೋಗ. ಅದು ಕಲ್ಲಿದ್ದಲ ಗಣಿಗಳ, ಕಬ್ಬಿಣದ ಕುಲುಮೆಗಳ ನಾಡು. ದುಡಿಯುವ ಬಡವರ ಮಕ್ಕಳೇ ಶಾಲೆಗಳಲ್ಲಿ ತುಂಬಿದ್ದರು. 67 ಶಾಲೆಗಳು, ಐದರಿಂದ ಹನ್ನೆರಡು ವರ್ಷದ ಸುಮಾರು 20,000 ಮಕ್ಕಳು. ಅವರಲ್ಲಿ ಹತ್ತು ಸಾವಿರ ಮಂದಿಗೆ ಫೆಬ್ರವರಿಯಿಂದ ಜೂನ್‌ವರೆಗೆ, ಶಾಲೆಯಿದ್ದ ದಿನವೆಲ್ಲ, ಮುಕ್ಕಾಲು ಪಿಂಟ್ ಹಾಲು. ಎಂದರೆ ದಿನವೊಂದಕ್ಕೆ ನಾಲ್ಕು ಸಾವಿರ ಲೀಟರಿಗೂ ಮಿಗಿಲು! ಐದು ಸಾವಿರ ಮಕ್ಕಳಿಗೆ ಹಸಿಯ ಹಾಲು, ಇನ್ನೈದು ಸಾವಿರಕ್ಕೆ ಪ್ಯಾಶ್ಚರೀಕರಿಸಿದ ಹಾಲು. ಉಳಿದ ಹತ್ತು ಸಾವಿರಕ್ಕೆ ಏನೂ ಇಲ್ಲ. ಅವರು ಹೋಲಿಕೆಗಾಗಿ ಇದ್ದವರು. ಆದಿಯಲ್ಲೊಮ್ಮೆ, ಅಂತ್ಯದಲ್ಲೊಮ್ಮೆ ಎಲ್ಲರ ಎತ್ತರ ತೂಕಗಳನ್ನು ಅಳೆದರು. ಒಟ್ಟು ವೆಚ್ಚ ಸುಮಾರು 7,500 ಪೌಂಡುಗಳು. ಆ ಕಾಲಕ್ಕೆ ಅದು ಹುಡುಗಾಟದ ಮೊತ್ತವಲ್ಲ. ಹಾಲು ಕುಡಿದ ಮಕ್ಕಳು ಹೆಚ್ಚು ಬೆಳೆದರು, ಎರಡು ಬಗೆಯ ಹಾಲಿಗೂ ಗುಣದಲ್ಲಿ ಭೇದವಿಲ್ಲ ಎಂದು ಅದೇ ವರ್ಷ ವರದಿ ಹೊರಬಿದ್ದಿತು.

ವರದಿಯನ್ನು ಓದಿದವರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದ ಒಬ್ಬ ಗಣಿತಜ್ಞರಿದ್ದರು. ವಿದ್ಯಾರ್ಥಿ ಎಂದು ಹೆಸರಿಟ್ಟುಕೊಂಡರೂ ಪ್ರಾಧ್ಯಾಪಕರಿಗೆ ಪಾಠ ಹೇಳಬಲ್ಲ ಆಸಾಮಿ. ನಿಜನಾಮ ವಿಲಿಯಂ ಸೀಲಿ ಗಾಸೆಟ್. 1899ರಿಂದ ಡಬ್ಲಿನ್ ನಗರದ ಗಿನ್ನೆಸ್ ಮದ್ಯ ತಯಾರಿಕೆಯ ಸಂಸ್ಥೆಯಲ್ಲಿ ನೌಕರಿ. ಬಾರ್ಲಿಯ ತಳಿಗಳನ್ನು ಹೋಲಿಸುವುದು, ಕೆಲವೇ ಮಾದರಿಗಳಿಂದ ನಂಬಬಹುದಾದ ತೀರ್ಮಾನ ತೆಗೆಯುವುದು ಅವರ ನಿತ್ಯದ ಉದ್ಯೋಗ. ನೌಕರರು ಸ್ವಂತ ಹೆಸರಿನಲ್ಲಿ ಲೇಖನ ಪ್ರಕಟಿಸುವುದು ಸಂಸ್ಥೆಗೆ ಒಪ್ಪಿಗೆಯಿಲ್ಲದ ಕಾರಣ ಈ ಹೆಸರು. ಇಂದು ಸಂಖ್ಯಾಶಾಸ್ತ್ರ ಓದುವ ಕಾಲೇಜು ಹುಡುಗರು ಉರುಹೊಡೆಯುವ ‘ಸ್ಟೂಡೆಂಟ್ ಟೀ ಪರೀಕ್ಷೆ’ಯ ಕರ್ತೃ ಇವರೇ. ಹಾಲಿನ ಲೆಕ್ಕವನ್ನು ತಿದ್ದಲು ಮದ್ಯದಂಗಡಿಯ ಕಡೆಯಿಂದ ಒಬ್ಬರು ಬರಬೇಕಾಯಿತು!

ಸ್ಟೂಡೆಂಟರ ಕಣ್ಣಿಗೆ ಬಿದ್ದದ್ದು ಪ್ರಯೋಗದ ಕೊನೆಯ ಅಂಕಿಯಲ್ಲ, ಮೊದಲಿನದು. ಒಂದು ತೊಟ್ಟು ಹಾಲನ್ನೂ ಯಾರೂ ಕುಡಿಯುವ ಮೊದಲೇ, ಫೆಬ್ರವರಿಯ ಅಳತೆಯಲ್ಲಿಯೇ, ಹಾಲು ಸಿಗದಿದ್ದ ಮಕ್ಕಳು ಹಾಲು ಸಿಗಲಿದ್ದವರಿಗಿಂತ ಎತ್ತರವಾಗಿಯೂ ಭಾರವಾಗಿಯೂ ಇದ್ದರು. ವ್ಯತ್ಯಾಸ ತೂಕದಲ್ಲಿ ಮೂರು ತಿಂಗಳ ಬೆಳವಣಿಗೆಗೆ, ಎತ್ತರದಲ್ಲಿ ನಾಲ್ಕು ತಿಂಗಳ ಬೆಳವಣಿಗೆಗೆ ಸಮ. ಪ್ರಯೋಗ ನಡೆದದ್ದೇ ನಾಲ್ಕು ತಿಂಗಳು. ಚೀಟಿ ಎತ್ತಿಯೋ ಅಕಾರಾದಿಯಾಗಿಯೋ ಮಕ್ಕಳನ್ನು ವಿಂಗಡಿಸಿದ್ದರೆ, ಇಪ್ಪತ್ತು ಸಾವಿರದಷ್ಟು ದೊಡ್ಡ ಗುಂಪಿನಲ್ಲಿ ಇಷ್ಟು ಅಂತರ ತಾನಾಗಿ ಬರುವುದು ಅಸಂಭವ. ಹಾಗಾದರೆ ಬಂದದ್ದೆಲ್ಲಿಂದ?

ವರದಿಯಲ್ಲಿಯೇ ಸುಳಿವಿತ್ತು. ಮೊದಲ ಆಯ್ಕೆಯೇನೋ ಚೀಟಿಯಿಂದ ಅಥವಾ ಅಕಾರಾದಿಯಿಂದ ನಡೆದಿತ್ತು. ಆದರೆ ಯಾವುದಾದರೊಂದು ಗುಂಪಿನಲ್ಲಿ ಪುಷ್ಟಿಯಾದ ಮಕ್ಕಳೋ ಬಡಕಲು ಮಕ್ಕಳೋ ಹೆಚ್ಚಾಗಿ ಬಂದಂತೆ ಕಂಡರೆ, ಕೆಲವರನ್ನು ಬದಲಾಯಿಸಿ ಸಮಮಾಡಿಕೊಳ್ಳಲು ಶಾಲೆಗಳಿಗೆ ಅವಕಾಶ ಕೊಟ್ಟಿದ್ದರು. ಇದೇ ಕಿಂಡಿ. ತರಗತಿಯ ಮುಂದೆ ನಿಂತ ಉಪಾಧ್ಯಾಯರನ್ನು ಕಲ್ಪಿಸಿಕೊಂಡರೆ ಸಾಕು, ಸ್ಟೂಡೆಂಟರ ಊಹೆ ಅರ್ಥವಾಗುತ್ತದೆ. ಗಣಿಯಲ್ಲಿ ಕೆಲಸ ತಪ್ಪಿದವನ ಮಗಳು, ಮೊಣಕೈ ಹರಿದ ಅಂಗಿಯವಳು, ಹಾಲಿಲ್ಲದ ಪಟ್ಟಿಯಲ್ಲಿದ್ದಾಳೆ; ಅಂಗಡಿಯವನ ಗುಂಡುಗುಂಡಾದ ಮಗ ಹಾಲಿನ ಪಟ್ಟಿಯಲ್ಲಿದ್ದಾನೆ. ಲೇಖನಿ ಕೈಯಲ್ಲಿದೆ, ಬದಲಾಯಿಸಲು ಅಪ್ಪಣೆಯೂ ಇದೆ. ಯಾವ ಮೇಷ್ಟರ ಮನಸ್ಸು ತಡೆದೀತು? ಬಹುಶಃ ತಾವು ಪಕ್ಷಪಾತ ಮಾಡುತ್ತಿದ್ದೇವೆಂಬ ಅರಿವೂ ಅವರಿಗೆ ಇರಲಿಲ್ಲ. ಹೀಗೆ ಶಾಲೆ ಶಾಲೆಯಲ್ಲಿಯೂ ಒಂದೊಂದು ಹೆಸರು ಆ ಕಡೆಯಿಂದ ಈ ಕಡೆಗೆ ಸರಿದು, ಬಡ ಮಕ್ಕಳೆಲ್ಲ ಹಾಲಿನ ಬಳಿಗೆ ಬಂದು ಸೇರಿದರು.

ಸೇರಿದರೆ ನಷ್ಟವೇನು ಎಂದು ಕೇಳಬಹುದು. ನಷ್ಟ ತಕ್ಕಡಿಯಲ್ಲಿತ್ತು. ಮಕ್ಕಳನ್ನು ಬೂಟು ಕಳಚಿಸಿ, ಉಡುಪು ಸಹಿತ ತೂಗಿದ್ದರು. ಫೆಬ್ರವರಿಯ ಚಳಿಯಲ್ಲಿ ಉಳ್ಳವರ ಮಕ್ಕಳು ಉಣ್ಣೆಯ ಮೇಲೆ ಉಣ್ಣೆ ತೊಟ್ಟಿರುತ್ತಾರೆ. ಜೂನ್ ತಿಂಗಳಲ್ಲಿ ತೆಳುವಾದ ಬಟ್ಟೆ. ಬಡವರ ಮಕ್ಕಳಿಗಾದರೋ ಚಳಿಗೂ ಬೇಸಗೆಗೂ ಹೆಚ್ಚು ವ್ಯತ್ಯಾಸವಿಲ್ಲದ ಉಡುಪು. ಆದುದರಿಂದ ಹಾಲಿಲ್ಲದ ಗುಂಪಿನ ಲೆಕ್ಕದಿಂದ ಬಟ್ಟೆಯ ಭಾರ ಹೆಚ್ಚು ಕಳೆಯಿತು. ಹಾಲಿನ ಗುಂಪಿನಿಂದ ಕಡಿಮೆ ಕಳೆಯಿತು. ಕಾಗದದ ಮೇಲೆ ಅದು ಹಾಲಿನ ಮಹಿಮೆಯಾಗಿ ಕಂಡಿತು. ಎಷ್ಟು ಭಾಗ ಹಾಲಿನದು, ಎಷ್ಟು ಭಾಗ ಕಳಚಿಟ್ಟ ಕೋಟಿನದು ಎಂದು ಬೇರ್ಪಡಿಸುವ ದಾರಿ ಯಾರಿಗೂ ಉಳಿಯಲಿಲ್ಲ.

ಇದಕ್ಕಿಂತ ಗಂಭೀರವಾದ ತೊಡಕು ಹಸಿಯ ಹಾಲಿನದು. ಆಗಿನ ಬ್ರಿಟನ್ನಿನಲ್ಲಿ ಕ್ಷಯಪೀಡಿತ ಹಸುಗಳ ಹಸಿಹಾಲಿನಿಂದ ಮಕ್ಕಳಿಗೆ ಕ್ಷಯ ತಗಲುತ್ತಿತ್ತು. ಪ್ಯಾಶ್ಚರೀಕರಣದಿಂದ ಹಾಲಿನ ಸತ್ವ ಕೆಡುತ್ತದೆಂಬ ವಾದವೂ ಜೋರಾಗಿ ನಡೆದಿತ್ತು. ತಾಯಂದಿರು ಯಾರ ಮಾತನ್ನು ನಂಬಬೇಕು? ಈ ಒಂದು ಪ್ರಶ್ನೆಗಾದರೂ ನೇರವಾದ ಉತ್ತರ ಸಿಕ್ಕಿದ್ದರೆ ವ್ಯಯಿಸಿದ ಹಣ ಸಾರ್ಥಕವಾಗುತ್ತಿತ್ತು. ಆದರೆ ಒಂದು ಶಾಲೆಗೆ ಹಸಿಯ ಹಾಲು ಮಾತ್ರ, ಇನ್ನೊಂದು ಶಾಲೆಗೆ ಪ್ಯಾಶ್ಚರೀಕೃತ ಹಾಲು ಮಾತ್ರ ಹೋಗಿತ್ತು. ಒಂದೇ ಶಾಲೆಯ ಒಂದೇ ಬಗೆಯ ಮಕ್ಕಳಲ್ಲಿ ಎರಡನ್ನೂ ಹೋಲಿಸಲು ಬರುವಂತಿರಲಿಲ್ಲ. 1931ರಲ್ಲಿ ಫಿಷರ್ ಮತ್ತು ಬಾರ್ಟ್ಲೆಟ್ ಎಂಬ ಇಬ್ಬರು ಪಂಡಿತರು ಅದೇ ಅಂಕಿಗಳನ್ನು ಮತ್ತೆ ಕಡೆದು ನೋಡಿದರು. ಸ್ಟೂಡೆಂಟ್ ಮಾತ್ರ ಈ ಅಂಕಿಗಳಿಂದ ಆ ತೀರ್ಮಾನವೇ ಸಲ್ಲದೆಂದರು.

ಅದೇ ವರ್ಷ ‘ಬಯೋಮೆಟ್ರಿಕ’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು ಬರಿಯ ದೋಷವೆಣಿಸಿ ಸುಮ್ಮನಾಗಲಿಲ್ಲ, ದಾರಿಯನ್ನೂ ತೋರಿಸಿದರು. ವಯಸ್ಸು, ಎತ್ತರ, ಮೈಕಟ್ಟು ಸಮನಾದ ಮಕ್ಕಳನ್ನು ಉಪಾಧ್ಯಾಯರು ಜೋಡಿ ಮಾಡಲಿ. ಜೋಡಿಯಲ್ಲಿ ಹಾಲು ಯಾರಿಗೆಂಬುದನ್ನು ಚಿಮ್ಮಿದ ನಾಣ್ಯ ನಿರ್ಧರಿಸಲಿ. ಇನ್ನೂ ಮೇಲಾದ ಉಪಾಯವೆಂದರೆ ತದ್ರೂಪಿ ಅವಳಿಗಳು. ಅಂತಹ ಐವತ್ತು ಜೋಡಿಗಳು ದೊರೆತರೆ ಇಪ್ಪತ್ತು ಸಾವಿರ ಮಕ್ಕಳಿಂದ ಸಿಗದ ಖಚಿತತೆ, ನೂರರಲ್ಲಿ ಒಂದೆರಡು ಪಾಲಿನ ಖರ್ಚಿನಲ್ಲಿಯೇ ಸಿಗುವುದೆಂದು ಅವರ ಅಂದಾಜು. ಎಣಿಕೆ ದೊಡ್ಡದಾದ ಮಾತ್ರಕ್ಕೆ ಸತ್ಯ ಹತ್ತಿರವಾಗುವುದೆಂಬ ಭ್ರಮೆಗೆ ಇದಕ್ಕಿಂತ ಖಾರವಾದ ಉತ್ತರ ದುರ್ಲಭ.

ಮೇಷ್ಟರನ್ನು ದೂರುವುದು ಮಾತ್ರ ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಹಸಿದ ಮಗುವಿನ ಕಣ್ಣೆದುರಿನಲ್ಲಿಯೇ ಪಕ್ಕದ ಮಗುವಿಗೆ ಹಾಲು ಹಂಚಿ, ನಾಲ್ಕು ತಿಂಗಳು ಸುಮ್ಮನಿರು ಎಂದು ಹೇಳಿದವರು ಯೋಜನೆ ಹಾಕಿದವರು. ಮರುಕವಿರುವ ಮನುಷ್ಯನ ಕೈಗೆ ಪಟ್ಟಿಯನ್ನೂ ಲೇಖನಿಯನ್ನೂ ಒಟ್ಟಿಗೆ ಕೊಟ್ಟದ್ದು ಅವರ ತಪ್ಪು. ಈಚಿನ ಪ್ರಯೋಗಕಾರರು ಇದನ್ನು ಅರಿತಿದ್ದಾರೆ. ಯಾರಿಗೆ ಏನು ಎಂಬ ನಿರ್ಣಯ ಈಗ ಶಾಲೆಯಿಂದ ದೂರದಲ್ಲಿ ಗಣಕಯಂತ್ರದಿಂದ ಆಗುತ್ತದೆ. ಎಷ್ಟೋ ಕಡೆ ಒಂದು ಶಾಲೆಯ ಮಕ್ಕಳಿಗೆಲ್ಲ ಮೊದಲ ವರ್ಷ, ಇನ್ನೊಂದು ಶಾಲೆಯವರಿಗೆಲ್ಲ ಮರುವರ್ಷ ಎಂದು ಸರದಿ ಏರ್ಪಡಿಸುತ್ತಾರೆ. ಒಂದೇ ಬೆಂಚಿನಲ್ಲಿ ಕುಳಿತವರ ನಡುವೆ ಭೇದವೂ ಇಲ್ಲ, ಕಡೆಗೆ ಯಾರಿಗೂ ತಪ್ಪುವುದೂ ಇಲ್ಲ.

ಬ್ರಿಟನ್ನಿನ ಹಾಲು ಮಾತ್ರ ಪಂಡಿತರ ವಾದ ಮುಗಿಯಲೆಂದು ಕಾಯಲಿಲ್ಲ. ರೈತರ ಬಳಿ ಮಾರಾಟವಾಗದೆ ಉಳಿದ ಹಾಲೂ ಒಂದು ಕಾರಣವಾಗಿ, 1934ರಿಂದ ಶಾಲೆಯ ಮಕ್ಕಳಿಗೆ ಅರ್ಧ ಪೆನ್ನಿಗೆ ಮೂರನೆಯ ಒಂದು ಪಿಂಟ್ ದೊರೆಯತೊಡಗಿತು. 1946ರಲ್ಲಿ ಅದು ಉಚಿತವಾಯಿತು. 1971ರಲ್ಲಿ ವಿದ್ಯಾಮಂತ್ರಿಣಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಏಳು ವರ್ಷ ಮೀರಿದವರಿಗೆ ಅದನ್ನು ನಿಲ್ಲಿಸಿ, ‘ಹಾಲು ಕಸಿದವಳು’ ಎಂಬ ಬಿರುದನ್ನು ಕಟ್ಟಿಕೊಂಡರು.

ನಮ್ಮ ಕಡೆಯೂ ಈ ವಿಚಾರಣೆ ನಡೆಯದೆ ಇರಲಿಲ್ಲ. ನೀಲಗಿರಿಯ ಕೂನೂರಿನ ಆಹಾರ ಸಂಶೋಧನಾಲಯದಲ್ಲಿ ಐಕ್ರಾಯ್ಡ್ ಅವರ ನೇತೃತ್ವದಲ್ಲಿ 1930ರ ದಶಕದಲ್ಲಿ, ಅಕ್ಕಿಯೇ ಪ್ರಧಾನವಾದ ಊಟದ ಜೊತೆಗೆ ಕೆನೆ ತೆಗೆದ ಹಾಲಿನ ಪುಡಿಯನ್ನು ಕೊಟ್ಟು ದಕ್ಷಿಣದ ವಸತಿಶಾಲೆಗಳ ಮಕ್ಕಳ ಬೆಳವಣಿಗೆಯನ್ನು ನೋಡಿದರು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ‘ಕ್ಷೀರಭಾಗ್ಯ’ ಆರಂಭವಾದದ್ದು 2013ರ ಆಗಸ್ಟಿನಲ್ಲಿ: ಮಗುವಿಗೆ 18 ಗ್ರಾಂ ಹಾಲಿನ ಪುಡಿ, ಬಿಸಿನೀರಿನಲ್ಲಿ ಕದಡಿದರೆ 150 ಮಿಲಿಲೀಟರ್ ಹಾಲು. ಇಲ್ಲಿ ಚೀಟಿಯೂ ಇಲ್ಲ, ಹೋಲಿಕೆಯ ಗುಂಪೂ ಇಲ್ಲ. ಶಾಲೆಯ ಮಕ್ಕಳೆಲ್ಲರೂ ಲೋಟ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಪುಡಿ ಗಂಟು ಕಟ್ಟದಂತೆ, ಕಡೆಯ ಹುಡುಗನಿಗೂ ಸಾಲುವಂತೆ ನೋಡಿಕೊಳ್ಳುವ ಕೆಲಸವಷ್ಟೇ ಅಲ್ಲಿನ ಅಡಿಗೆಯವರಿಗೂ ಮೇಷ್ಟರಿಗೂ ಉಳಿದಿರುವುದು.