ಅಗ್ಗದ ಅಂಗಡಿಯೂ ಉದ್ರಿ ಖಾತೆಯೂ

(ಅಂತಿಮ ಬಿ. ಎ. ವಿದ್ಯಾರ್ಥಿ, ಕಮತಗಿ)

"ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೆ ಮೊದಲನೆಯ ಹನಿ ಎಲ್ಲಿಂದ ಬರಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಅರ್ಥಶಾಸ್ತ್ರವನ್ನು ಓದಿ, ಅದನ್ನು ನಮ್ಮ ಮನೆಯ ಕಿರಾಣಿ ಲೆಕ್ಕಕ್ಕೆ ಹಚ್ಚಲು ಹೋದ ನನಗೆ ಎದುರಾದ ಪ್ರಶ್ನೆ ಇದೇ. ಅದನ್ನು ವಾಚಕ ಮಿತ್ರರ ಮುಂದಿಡಲು ಬಯಸುತ್ತೇನೆ.

ಬಾಗಲಕೋಟೆ ಜಿಲ್ಲೆಯ ನಮ್ಮ ಕಮತಗಿ ನೇಕಾರರ ಊರು. ತಂದೆಯವರು ಮಗ್ಗದಲ್ಲಿ ಕೂಡುತ್ತಾರೆ. ತಾಯಿ ಕಂಡಿಕೆ ಸುತ್ತುತ್ತಾಳೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಾರಕ್ಕೊಮ್ಮೆ ಬಟವಾಡೆ, ಬಟವಾಡೆಯ ದಿನ ಬಂದ ರೊಕ್ಕ ಓಣಿಯ ಕಿರಾಣಿ ಅಂಗಡಿಯ ಹಳೆಯ ಬಾಕಿಗೆ ಹೋಗುತ್ತದೆ, ಮರುದಿನ ಹೊಸ ಉದ್ರಿ ಆರಂಭವಾಗುತ್ತದೆ. ನಾನು ಅಕ್ಷರ ಕಲಿತಂದಿನಿಂದ ಆ ಖಾತೆಯಲ್ಲಿ ನಮ್ಮ ತಂದೆಯ ಹೆಸರಿನ ಪುಟ ಬರಿದಾದುದನ್ನು ಕಂಡಿಲ್ಲ.

ಕಳೆದ ವರ್ಷ ಒಂದು ದಿನ ಜಿಲ್ಲಾ ಕೇಂದ್ರದ ರಿಯಾಯಿತಿ ದರದ ದೊಡ್ಡ ಅಂಗಡಿಯೊಂದಕ್ಕೆ ಹೋಗಿ, ನಮ್ಮ ಮನೆಯ ತಿಂಗಳ ಯಾದಿಯನ್ನು ಹಿಡಿದು ಬೆಲೆ ಬರೆದುಕೊಂಡು ಬಂದೆ. ಎಣ್ಣೆ, ಸಕ್ಕರೆ, ಚಹಾಪುಡಿ, ತೊಗರಿಬೇಳೆ, ಸಾಬೂನು ಎಲ್ಲ ಸೇರಿ ಓಣಿಯ ಅಂಗಡಿಯಲ್ಲಿ 2,460 ರೂಪಾಯಿ, ಅಲ್ಲಿ 2,170. ವ್ಯತ್ಯಾಸ 290 ರೂಪಾಯಿ! ವರ್ಷಕ್ಕೆ 3,480! ಇಷ್ಟು ದಿನ ನಮ್ಮವರು ಕಣ್ಣು ಮುಚ್ಚಿ ನಷ್ಟಕ್ಕೆ ಗುರಿಯಾದರಲ್ಲ ಎಂದು ನನಗೆ ಮರುಕವಾಯಿತು. ವಿದ್ಯಾವಂತನ ಮರುಕದಲ್ಲಿ ಎಷ್ಟು ಅಹಂಕಾರ ಅಡಗಿರುತ್ತದೆಂಬುದು ಆಗ ತಿಳಿದಿರಲಿಲ್ಲ.

ತಾಯಿಯನ್ನು ಒಪ್ಪಿಸಿದೆ. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಅವಳಿಗೆ ಬಸ್ಸಿನ ಖರ್ಚಿಲ್ಲ; ನನ್ನಲ್ಲಿ ವಿದ್ಯಾರ್ಥಿ ಪಾಸು ಇದೆ. ಗೃಹಲಕ್ಷ್ಮಿಯ 2,000 ರೂಪಾಯಿ ಕೈಯಲ್ಲಿತ್ತು, ಕಡಿಮೆ ಬಿದ್ದುದನ್ನು ನಾನು ಕೂಡಿಸಿದೆ. ಯಾದಿಯ ಸಾಮಾನೆಲ್ಲ ಕೊಂಡೆವು. ಆದರೆ ಹಣ ಕಟ್ಟುವ ಸ್ಥಳಕ್ಕೆ ಬರುವಷ್ಟರಲ್ಲಿ ಯಾದಿಯಲ್ಲಿಲ್ಲದ ಒಂದು ಬುಟ್ಟಿ, 'ಒಂದು ಕೊಂಡರೆ ಒಂದು ಉಚಿತ'ವೆಂಬ ಬಿಸ್ಕೀಟು ಕೈಚೀಲ ಸೇರಿದ್ದವು; ಅವುಗಳಿಗೆ 180 ರೂಪಾಯಿ. ಉಳಿದ ಉಳಿತಾಯ 110. ಅರ್ಧ ದಿನದ ಕಂಡಿಕೆಯ ಕೆಲಸ ಹೋದುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ತಾಯಿ ಹಿಡಿದಳು.

ಊರಲ್ಲಿ ಬಸ್ಸಿಳಿದಾಗ ಕಿರಾಣಿ ಅಂಗಡಿಯ ಮುಂದೆಯೇ ಹಾಯ್ದು ಬರಬೇಕಾಯಿತು. ತಾಯಿ ಚೀಲವನ್ನು ಸೆರಗಿನಲ್ಲಿ ಮರೆಮಾಡಿಕೊಂಡಳು. ಅಂಗಡಿಯ ಕಾಕಾ ನೋಡಿದರು. "ಬಾಳ ಬಿಸಲೈತಿ, ನೀರು ಕುಡದ ಹೋಗ್ರಿ" ಎಂದರೇ ಹೊರತು ಮತ್ತೇನೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ತಾಯಿ ಹೇಳಿದ ಮಾತು ಇದು: "ತಮ್ಮಾ, ನಿನ್ನ ಲೆಕ್ಕ ಖರೆ ಐತಿ. ಆದರ ಮಗ್ಗ ನಿಂತ ದಿನ ಆ ದೊಡ್ಡ ಅಂಗಡಿ ನಮಗ ಜ್ವಾಳ ಕೊಟ್ಟೀತೇನು?"

2020ರ ಲಾಕ್‌ಡೌನ್ ನನಗೆ ನೆನಪಾಯಿತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ನೂಲು ಬರಲಿಲ್ಲ, ನೇಯ್ದ ಸೀರೆ ಹೋಗಲಿಲ್ಲ, ಬಟವಾಡೆ ನಿಂತಿತು. ನ್ಯಾಯಬೆಲೆ ಅಂಗಡಿಯ ಅಕ್ಕಿ ಬರುತ್ತಿತ್ತು, ನಿಜ. ಆದರೆ ಎಣ್ಣೆ, ಬೇಳೆ, ಉಪ್ಪು, ಖಾರ ಬಂದುದು ಆ ಉದ್ರಿ ಖಾತೆಯಿಂದಲೇ. ಹಾಗಾದರೆ 290 ರೂಪಾಯಿಯಲ್ಲಿ ಒಂದು ಪಾಲು ಆ ಕಷ್ಟಕಾಲದ ಭರವಸೆಯ ಬೆಲೆಯೆಂದಾಯಿತು. ವಿಮೆಗೆ ಕಂತು ಕಟ್ಟುವುದಿಲ್ಲವೆ? ಹಾಗೆ.

ಇಷ್ಟಕ್ಕೇ ಲೇಖನಿಯನ್ನು ಕೆಳಗಿಟ್ಟರೆ ಉದ್ರಿಯನ್ನು ಹೊಗಳಿದಂತಾದೀತು. ಅದು ನನ್ನ ಅಭಿಪ್ರಾಯವಲ್ಲ. ಉದ್ರಿಯ ಮನೆಗೆ ಬೆಲೆ ಕೇಳುವ ಧೈರ್ಯವಿರುವುದಿಲ್ಲ. ಬಾಕಿ ಇದ್ದವನು ತಕ್ಕಡಿಯ ಕಡೆ ನೋಡಲೂ ಸಂಕೋಚಪಡುತ್ತಾನೆ. ಪೊಟ್ಟಣದ ಮೇಲೆ ಮುದ್ರಿಸಿರುವುದು ಗರಿಷ್ಠ ಬೆಲೆ, ಅದಕ್ಕಿಂತ ಕಡಿಮೆಗೂ ಮಾರಬಹುದು ಎಂಬುದು ನಮ್ಮ ಓಣಿಯಲ್ಲಿ ಅನೇಕರಿಗೆ ಗೊತ್ತಿಲ್ಲ.

ಹಾಗಾದರೆ ದೊಡ್ಡ ಅಂಗಡಿ ಅಗ್ಗಕ್ಕೆ ಹೇಗೆ ಮಾರುತ್ತದೆ? 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದ ಡಿ-ಮಾರ್ಟನ್ನು ನೋಡಿರಿ. ಅದರ ಬಹುತೇಕ ಮಳಿಗೆಗಳು ಸ್ವಂತ ಕಟ್ಟಡದಲ್ಲಿವೆ. ಮಾಲು ಕೊಟ್ಟವರಿಗೆ ಬೇಗನೆ ಹಣ ಸಲ್ಲಿಸಿ, ಅದಕ್ಕೆ ಬದಲಾಗಿ ಕಡಿಮೆ ದರ ಪಡೆಯುತ್ತದೆ. ಅಂದರೆ ಅಗ್ಗದ ಗುಟ್ಟು ಕೈಯಲ್ಲಿರುವ ನಗದು. ನಗದಿದ್ದ ವ್ಯಾಪಾರಿ ಅಗ್ಗಕ್ಕೆ ಕೊಳ್ಳುತ್ತಾನೆ, ನಗದಿದ್ದ ಗಿರಾಕಿ ಅವನಲ್ಲಿ ಅಗ್ಗಕ್ಕೆ ಕೊಳ್ಳುತ್ತಾನೆ. ನಗದಿಲ್ಲದ ನೇಕಾರ ಎರಡೂ ಬಾಗಿಲುಗಳ ಹೊರಗೆ ನಿಲ್ಲುತ್ತಾನೆ. ಬಡವನು ದುಂದುಗಾರನಾದುದರಿಂದ ಹೆಚ್ಚು ಬೆಲೆ ಕೊಡುವುದಿಲ್ಲ. ತಿಂಗಳ ಖರ್ಚು ಮುಂಗಡವಾಗಿ ಕೈಯಲ್ಲಿಲ್ಲದುದರಿಂದ ಕೊಡುತ್ತಾನೆ.

ಈ ಕಷ್ಟವನ್ನು ನೇಕಾರರೇ ಒಮ್ಮೆ ಬಿಡಿಸಿದ್ದುಂಟು. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 28 ಜನ ಕೆಲಸಗಾರರು, ಅವರಲ್ಲಿ ನೇಕಾರರೂ ಇದ್ದರು, ಪೆನ್ನಿಗೆ ಪೆನ್ನಿ ಕೂಡಿಸಿ 28 ಪೌಂಡು ಮಾಡಿ 1844ರ ಡಿಸೆಂಬರಿನಲ್ಲಿ ಸ್ವಂತ ಅಂಗಡಿ ತೆರೆದರು. ಮಾರಿದುದು ಹಿಟ್ಟು, ಬೆಣ್ಣೆ, ಸಕ್ಕರೆಯಂಥ ನಾಲ್ಕಾರು ಪದಾರ್ಥ ಮಾತ್ರ. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ, ಉದ್ರಿಯಿಲ್ಲ; ಬಂದ ಲಾಭ ಕೊಂಡವರಿಗೇ ಹಂಚಿಕೆ. ನಮ್ಮ ನಾಡಿಗೂ ಸಹಕಾರ ಹೊಸದಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಅದು ನಮ್ಮೂರಿನಿಂದ ಬಹು ದೂರದ ಸ್ಥಳವೇನಲ್ಲ.

ಈಗ ನಮ್ಮ ಮನೆಯಲ್ಲಿ ನಡೆದಿರುವುದನ್ನು ಹೇಳುತ್ತೇನೆ. ತಾಯಿ ಕಾಕಾ ಅವರನ್ನೇ ಕೇಳಿದಳು: "ನಗದು ಕೊಟ್ಟರ ಎಷ್ಟು ಬಿಡ್ತೀರಿ?" ಅವರು ನಕ್ಕು ಎಣ್ಣೆ, ಬೇಳೆಗಳಲ್ಲಿ ಸ್ವಲ್ಪ ಬಿಟ್ಟರು, ಉದ್ರಿ ವಸೂಲಿಯ ತಾಪತ್ರಯ ಅವರಿಗೂ ಇದ್ದೇ ಇದೆ. ಪ್ರತಿ ಬಟವಾಡೆಯಲ್ಲಿ ಹಳೆಯ ಬಾಕಿಗೆ 100 ರೂಪಾಯಿ ಹೆಚ್ಚಾಗಿ ಕಟ್ಟುತ್ತೇವೆ. ಓಣಿಯ ಐದು ಮನೆಯವರು ಹಣ ಕೂಡಿಸಿ, ತಿಂಗಳಿಗೊಮ್ಮೆ ಒಬ್ಬರನ್ನೇ ಪೇಟೆಗೆ ಕಳಿಸಿ ಎಣ್ಣೆಯ ಡಬ್ಬಿ, ಬೇಳೆಯ ಚೀಲ ತರಿಸಿ ಹಂಚಿಕೊಳ್ಳುತ್ತೇವೆ. ಹೀಗಾಗಿ ಐದು ಜನರ ಅರ್ಧ ದಿನ ಹಾಳಾಗುವುದಿಲ್ಲ. ಹೋದವರ ಕೈಯಲ್ಲಿ ಯಾದಿ ಇರುವುದರಿಂದ ಬುಟ್ಟಿಯೂ ಬರುವುದಿಲ್ಲ. ತಂದೆಯವರಿಗೆ ಇದು ಇನ್ನೂ ಮನಸ್ಸಿಗೆ ಬಂದಿಲ್ಲ. "ಕಷ್ಟದಾಗ ಕೈ ಹಿಡದವರನ್ನ ಬಿಡಬ್ಯಾಡ" ಎನ್ನುತ್ತಾರೆ. ಬಿಟ್ಟಿಲ್ಲ, ಅರ್ಧ ಸಾಮಾನು ಇಂದಿಗೂ ಅಲ್ಲಿಂದಲೇ ಬರುತ್ತದೆ.

ಮಿತ್ರರೇ, ನಮ್ಮ ಕಾಲೇಜಿನಲ್ಲಿ ನನ್ನಂತೆ ಉದ್ರಿ ಖಾತೆಯ ಮನೆಗಳಿಂದ ಬಂದವರು ಬಹಳ ಜನರಿದ್ದೇವೆ. ಹತ್ತು ಜನ ಕೂಡಿ ನೋಟ್‌ಬುಕ್ಕು, ಪೆನ್ನುಗಳನ್ನು ಸಗಟಿನಲ್ಲಿ ತರಿಸುವುದರಿಂದಲೇ ನಾವು ಆರಂಭಿಸಬಹುದು. ಅಧ್ಯಾಪಕರು ಲೆಕ್ಕ ನೋಡುವ ಕೃಪೆ ಮಾಡಲಿ. ಮನೆಗೆ ಹೋಗಿ "ನಿಮಗೆ ಲೆಕ್ಕ ಬರುವುದಿಲ್ಲ" ಎಂದು ಮಾತ್ರ ಯಾರೂ ಹೇಳದಿರಿ. ಅವರಿಗೆ ಲೆಕ್ಕ ಬರುತ್ತದೆ. ಕೈಯಲ್ಲಿ ಇಲ್ಲದಿರುವುದು ಆ ಮೊದಲನೆಯ ಹನಿ. ಅದನ್ನು ಒಬ್ಬೊಬ್ಬರೇ ಕೂಡಿಸಲು ಹೋದರೆ ಬತ್ತುತ್ತದೆ, ಐದು ಮನೆ ಸೇರಿ ಕೂಡಿಸಿದರೆ ನಿಲ್ಲುತ್ತದೆ ಎಂಬುದು ನನ್ನ ಅನುಭವ.